ಮಾತಾಡದ ಜೊತೆಗಾರ

ಹೊಸ ಯಂತ್ರಗಳನ್ನು ಕಂಡುಹಿಡಿದವರ ಕಥೆಗಳು ಲೋಕದಲ್ಲಿ ಹೇರಳವಾಗಿವೆ. ಆ ಯಂತ್ರಗಳು ಕೆಟ್ಟು ನಿಂತಾಗ ಸದ್ದಿಲ್ಲದೆ ಸರಿಪಡಿಸಿದವರ ಕಥೆಗಳು ಮಾತ್ರ ಅಪರೂಪ. ಅಂಥದೊಂದು ಕಥೆ ಇಂಗ್ಲೆಂಡಿನಲ್ಲಿ ಹುಟ್ಟಿತು. ಮೊದಲು ಚಲನಚಿತ್ರವಾಗಿಯೂ, 2009ರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಆಡುವ ಒಗಟಿನ ಆಟವಾಗಿಯೂ ಅದು ಜನರನ್ನು ನಗಿಸಿತು. ಅದರಲ್ಲಿ ಯಂತ್ರಗಳನ್ನು ಕಟ್ಟುವವನು ವ್ಯಾಲೇಸ್. ಅವುಗಳಿಂದ ಅವನನ್ನು ಕಾಪಾಡುವುದು ಅವನ ನಾಯಿ ಗ್ರೋಮಿಟ್.

ವ್ಯಾಲೇಸ್ ಬೋಳುತಲೆಯ, ಹಸಿರು ಹೆಣಿಗೆಯ ಮೇಲಂಗಿ ತೊಟ್ಟ, ಗಿಣ್ಣೆಂದರೆ ಪ್ರಾಣ ಬಿಡುವ ಮನುಷ್ಯ. ಸುಲಭದ ಕೆಲಸಕ್ಕೂ ಅವನಿಗೆ ಯಂತ್ರ ಬೇಕು. ಬೆಳಗ್ಗೆ ಎದ್ದು ಮೆಟ್ಟಿಲಿಳಿದು ಬರುವ ಬದಲು, ಮಂಚವೇ ವಾಲಿ ಅವನನ್ನು ನೆಲದ ಕಂಡಿಯ ಮೂಲಕ ಕೆಳಗಿನ ಊಟದ ಕೋಣೆಗೆ ಇಳಿಸುತ್ತದೆ. ರೊಟ್ಟಿಗೆ ಹಣ್ಣಿನ ಪಾಕ ಹಚ್ಚುವುದೂ ಯಂತ್ರವೇ. ಈ ಏರ್ಪಾಡುಗಳಲ್ಲಿ ಎಲ್ಲಿ ತಿರುಪು ಸಡಿಲವಾಗಿದೆ, ಎಲ್ಲಿ ಅನಾಹುತ ಕಾದಿದೆ ಎಂಬುದು ಗ್ರೋಮಿಟ್‌ಗೆ ಗೊತ್ತು. ಅದು ವೃತ್ತಪತ್ರಿಕೆ ಓದುತ್ತದೆ, ಉಣ್ಣೆ ಹೆಣೆಯುತ್ತದೆ, ತೋಟ ನೋಡಿಕೊಳ್ಳುತ್ತದೆ. ಮಾತು ಮಾತ್ರ ಆಡುವುದಿಲ್ಲ. ಅದಕ್ಕೆ ಬಾಯಿಯೇ ಇಲ್ಲ.

ಈ ಜೋಡಿಯನ್ನು ಸೃಷ್ಟಿಸಿದವರು 1958ರಲ್ಲಿ ಪ್ರೆಸ್ಟನ್ ಪಟ್ಟಣದಲ್ಲಿ ಜನಿಸಿದ ನಿಕ್ ಪಾರ್ಕ್. ಚಲನಚಿತ್ರ ಶಾಲೆಯ ವಿದ್ಯಾರ್ಥಿಯಾಗಿದ್ದಾಗ, 1982ರಲ್ಲಿ, ಅವರು ಮೊದಲ ಚಿತ್ರವನ್ನು ಆರಂಭಿಸಿದರು. ನಾಯಿಯೂ ಮಾತಾಡಬೇಕೆಂಬುದು ಅವರ ಮೊದಲ ಯೋಚನೆ. ಆದರೆ ಮೊದಲಿಗೆ ಚಿತ್ರೀಕರಿಸಿದ ದೃಶ್ಯದಲ್ಲಿ ವ್ಯಾಲೇಸ್ ನಾಯಿಯ ಬೆನ್ನ ಮೇಲೆಯೇ ಹಲಗೆಯಿಟ್ಟು ಗರಗಸದಿಂದ ಕೊಯ್ಯಬೇಕಾಗಿತ್ತು. ಹಲಗೆಯ ಕೆಳಗೆ ಸಿಕ್ಕಿಕೊಂಡ ಬೊಂಬೆಯ ಬಾಯಿಯನ್ನು ಅಲುಗಿಸುವುದು ಕಷ್ಟವಾಯಿತು. ಪಾರ್ಕ್ ಅದರ ಹುಬ್ಬನ್ನು ಕೊಂಚ ಅಲುಗಿಸಿ ನೋಡಿದರು. ನಾಯಿಯ ಬೇಸರವೂ ಸಹನೆಯೂ ಆ ಒಂದು ಚಲನೆಯಲ್ಲಿ ಕಂಡುಬಂದವು. ಬಾಯಿಯ ಅಗತ್ಯವೇ ತಪ್ಪಿತು. ಹೀಗೆ ಒಂದು ಅಡಚಣೆಯಿಂದ ಚಿತ್ರಲೋಕದ ಅತ್ಯಂತ ಬುದ್ಧಿವಂತ ಮೌನಿ ಹುಟ್ಟಿಕೊಂಡಿತು.

ಬೊಂಬೆಗಳನ್ನು ಮಾಡಿದ್ದು ಪ್ಲಾಸ್ಟಿಸಿನ್ ಎಂಬ ಮೆತ್ತನೆಯ ಕೃತಕ ಜೇಡಿಯಿಂದ. ಬೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಚಿತ್ರ ತೆಗೆಯಬೇಕು. ಮತ್ತೆ ಸರಿಸಿ ಮತ್ತೊಂದು ತೆಗೆಯಬೇಕು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುವುದರಿಂದ, ಒಂದು ನಿಮಿಷದ ಆಟಕ್ಕೆ 1440 ಚಿತ್ರಗಳು ಬೇಕು. ದಿನವೆಲ್ಲ ದುಡಿದರೂ ಕೆಲವೇ ಸೆಕೆಂಡುಗಳಷ್ಟು ಚಿತ್ರ ಸಿದ್ಧವಾಗುತ್ತದೆ. ಬ್ರಿಸ್ಟಲ್ ನಗರದ ಆರ್ಡ್‌ಮನ್ ಸಂಸ್ಥೆಯ ನೆರವಿನಿಂದ ಆ ಮೊದಲ ಚಿತ್ರ ಪೂರ್ಣವಾದದ್ದು 1989ರಲ್ಲಿ. ಅರ್ಧ ಗಂಟೆಯೂ ಇಲ್ಲದ ಚಿತ್ರಕ್ಕೆ ಏಳು ವರ್ಷ ಸಂದಿತ್ತು. ಬೊಂಬೆಗಳ ಮೈಮೇಲೆ ಅಲ್ಲಲ್ಲಿ ಉಳಿದ ಬೆರಳ ಗುರುತುಗಳು ಆ ತಾಳ್ಮೆಗೆ ಸಾಕ್ಷಿ.

ಇಂಥ ಕೈಕೆಲಸದ ಲೋಕವನ್ನು ಕಂಪ್ಯೂಟರಿನ ಆಟಕ್ಕೆ ಒಗ್ಗಿಸುವ ಹೊಣೆಯನ್ನು ಅಮೆರಿಕದ ಕ್ಯಾಲಿಫೋರ್ನಿಯದ ಟೆಲ್‌ಟೇಲ್ ಗೇಮ್ಸ್ ಎಂಬ ಕಂಪನಿ ವಹಿಸಿಕೊಂಡಿತು. 2009ರಲ್ಲಿ ನಾಲ್ಕು ಕಂತುಗಳಾಗಿ ಆಟ ಹೊರಬಂದಿತು. ಅಲ್ಲಿ ಜೇಡಿ ಇರಲಿಲ್ಲ, ಬೆರಳೂ ಇರಲಿಲ್ಲ. ಎಲ್ಲವೂ ಗಣಿತದಿಂದ ಮೂಡಿದ ಆಕೃತಿಗಳು. ಆದರೂ ಅದನ್ನು ರಚಿಸಿದವರು ಬೊಂಬೆಗಳ ಮೈಮೇಲಿನ ಬೆರಳ ಗುರುತುಗಳನ್ನು ಮರೆಯದೆ ಬಿಡಿಸಿದರು. ಕೈಯಿಂದ ಆದುದಲ್ಲದಿದ್ದರೂ ಕೈಕೆಲಸಕ್ಕೆ ಸಲ್ಲಿಸಿದ ಗೌರವ ಅದು.

ಮೊದಲ ಕಂತಿನಲ್ಲಿ ವ್ಯಾಲೇಸ್ ಜೇನಿನ ವ್ಯಾಪಾರಕ್ಕೆ ಇಳಿಯುತ್ತಾನೆ. 50 ಗ್ಯಾಲನ್, ಎಂದರೆ ಸುಮಾರು 227 ಲೀಟರ್, ಜೇನುತುಪ್ಪವನ್ನು ಒದಗಿಸುವುದಾಗಿ ಹಿಂದುಮುಂದು ನೋಡದೆ ಒಪ್ಪಿಕೊಳ್ಳುತ್ತಾನೆ. ಅಷ್ಟು ಜೇನು ಬೇಕಾದರೆ ಹೂಗಳು ಬೇಗ ಬೆಳೆಯಬೇಕು. ಅದಕ್ಕೊಂದು ಔಷಧವನ್ನು ಸಿದ್ಧಪಡಿಸುತ್ತಾನೆ. ಹೂಗಳ ಜೊತೆಗೆ ಜೇನುಹುಳುಗಳೂ ಭಾರಿ ಗಾತ್ರಕ್ಕೆ ಬೆಳೆದು ಊರನ್ನೇ ನಡುಗಿಸುತ್ತವೆ. ಎರಡನೆಯ ಕಂತಿನಲ್ಲಿ ಮಳೆ ಬಂದು ಕಡಲತೀರದ ವಿಹಾರ ತಪ್ಪಿಹೋದಾಗ, ನೀರು ತುಂಬಿದ ನೆಲಮಾಳಿಗೆಯನ್ನೇ ಕಡಲತೀರವಾಗಿ ಮಾರ್ಪಡಿಸುತ್ತಾನೆ. ಅವನಲ್ಲಿ ದುರುದ್ದೇಶವಿಲ್ಲ, ಕಲ್ಪನೆಗಂತೂ ಕೊರತೆಯೇ ಇಲ್ಲ. ಕೊರತೆಯಿರುವುದು ಒಂದೇ: ‘ಮುಂದೇನಾದೀತು?’ ಎಂಬ ಪ್ರಶ್ನೆ.

ಈ ಆಟದ ಸೊಗಸು ಇರುವುದು ಆಡುವವನು ಪಡೆಯುವ ಎರಡು ಪಾತ್ರಗಳಲ್ಲಿ. ಒಮ್ಮೆ ಅವನು ವ್ಯಾಲೇಸ್ ಆಗಿ ಊರವರೊಡನೆ ಮಾತಾಡುತ್ತಾನೆ, ಕೇಳುತ್ತಾನೆ, ಭರವಸೆ ಕೊಡುತ್ತಾನೆ. ಇನ್ನೊಮ್ಮೆ ಗ್ರೋಮಿಟ್ ಆಗುತ್ತಾನೆ. ಆಗ ಮಾತಿನ ದಾರಿ ಮುಚ್ಚಿಹೋಗುತ್ತದೆ. ಕೋಣೆಯಲ್ಲಿರುವ ಒಂದೊಂದು ವಸ್ತುವನ್ನೂ ಕಣ್ಣಿಟ್ಟು ನೋಡಬೇಕು. ಯಾವುದು ಯಾವುದಕ್ಕೆ ಒದಗೀತೆಂದು ಊಹಿಸಬೇಕು. ಎತ್ತಿಕೊಂಡು ಹೋಗಿ ಪ್ರಯೋಗಿಸಬೇಕು. ತಪ್ಪಿದರೆ ದಂಡನೆಯಿಲ್ಲ, ನಗುವಷ್ಟೇ ಉಂಟು. ಇಲ್ಲಿ ಬೆರಳಿನ ಚುರುಕಿಗಿಂತ ಗಮನದ ಚುರುಕೇ ಹೆಚ್ಚು ಫಲ ಕೊಡುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆದರೆ ಗ್ರೋಮಿಟ್‌ನ ಮೌನ ಸುಮ್ಮನಿರುವವನ ಮೌನವಲ್ಲ, ಕೆಲಸದಲ್ಲಿ ತೊಡಗಿರುವವನ ಮೌನ.

ಆಟವನ್ನು ರಚಿಸಿದ ಕಂಪನಿ 2018ರಲ್ಲಿ ಬಾಗಿಲು ಮುಚ್ಚಿತು. ವ್ಯಾಲೇಸ್‌ಗೆ ಚಿತ್ರಗಳಲ್ಲಿ ಕಂಠ ನೀಡಿದ್ದ ಹಿರಿಯ ನಟ ಪೀಟರ್ ಸ್ಯಾಲಿಸ್ 2017ರಲ್ಲಿ ತೀರಿಕೊಂಡಿದ್ದರು. ಆಟದಲ್ಲಿ ವ್ಯಾಲೇಸ್‌ನ ಮಾತುಗಳನ್ನಾಡಿದ್ದ ಬೆನ್ ವೈಟ್‌ಹೆಡ್ ಅವರೇ 2024ರ ಹೊಸ ಚಿತ್ರದಲ್ಲಿಯೂ ಆ ಕಂಠವನ್ನು ಮುಂದುವರಿಸಿದರು.

ಆ ಚಿತ್ರದಲ್ಲಿ ವ್ಯಾಲೇಸ್ ಮನೆಗೆಲಸವನ್ನೆಲ್ಲ ತಾನೇ ಮಾಡುವ ಒಂದು ಯಂತ್ರದ ಬೊಂಬೆಯನ್ನು ಕಟ್ಟುತ್ತಾನೆ. ಅದು ಗ್ರೋಮಿಟ್ ಅಕ್ಕರೆಯಿಂದ ಬೆಳೆಸಿದ ತೋಟವನ್ನು ಕ್ಷಣಾರ್ಧದಲ್ಲಿ ಅಳತೆಗೋಲಿಟ್ಟಂತೆ ಕತ್ತರಿಸಿಹಾಕುತ್ತದೆ. ಕೆಲಸವೇನೋ ಮುಗಿಯಿತು, ಆದರೆ ಆ ಕೆಲಸದಲ್ಲಿ ನಾಯಿಗಿದ್ದ ಸಂತೋಷವೂ ಅದರೊಡನೆ ಮುಗಿಯಿತು. ನಾಯಿಯ ತಲೆ ಸವರುವುದಕ್ಕೂ ವ್ಯಾಲೇಸ್ ಒಂದು ಯಂತ್ರವನ್ನು ಮಾಡಿಟ್ಟಿದ್ದಾನೆ. ಗ್ರೋಮಿಟ್ ಅದರ ಕೆಳಗೆ ಸುಮ್ಮನೆ ಕುಳಿತಿರುತ್ತದೆ. ಅದರ ಹುಬ್ಬು ಮಾತ್ರ ಎಲ್ಲವನ್ನೂ ಹೇಳುತ್ತದೆ.

ಯಂತ್ರದಿಂದ ಆಗಬೇಕಾದ ಕೆಲಸಗಳು ಲೋಕದಲ್ಲಿ ಬೇಕಾದಷ್ಟಿವೆ. ಯಂತ್ರಕ್ಕೆ ಬಿಟ್ಟುಕೊಡಬಾರದ ಕೆಲಸಗಳೂ ಕೆಲವು ಇವೆ. ಅನೇಕ ಅವಾಂತರಗಳ ಬಳಿಕ ವ್ಯಾಲೇಸ್‌ಗೆ ಅದು ತಿಳಿಯುತ್ತದೆ. ಕೊನೆಗೆ ಅವನು ಯಂತ್ರವನ್ನು ಬದಿಗೊತ್ತಿ, ತನ್ನ ಕೈಯಿಂದಲೇ ನಾಯಿಯ ತಲೆಯನ್ನು ನೇವರಿಸುತ್ತಾನೆ.