‘ಮೈನಾರಿಟಿ’ ಎಂಬ ಮಾತು

ಶಬ್ದಗಳಿಗೂ ಕುಲಗೋತ್ರಗಳುಂಟು. ಅವನ್ನು ವಿಚಾರಿಸದೆ ಬಳಸಿದ ಮಾತು ಬಳಸಿದವರನ್ನೇ ಕುಗ್ಗಿಸುವುದುಂಟು. ಗಡಿನಾಡಿನವರಾದ ನಮಗೆ ಇಂಗ್ಲಿಷಿನ ‘ಮೈನಾರಿಟಿ’ ಅಂತಹ ಮಾತು. ಅರ್ಜಿಗಳಲ್ಲಿ, ಮನವಿಗಳಲ್ಲಿ, ಸಭೆಗಳಲ್ಲಿ ಅದು ನಮಗೆ ಮತ್ತೆ ಮತ್ತೆ ಎದುರಾಗುತ್ತದೆ.

ನಮ್ಮ ಶಾಲೆಯ ಬಾಲಕನೊಬ್ಬ ಒಮ್ಮೆ ಕೇಳಿದ: “ಮಾಷ್ಟ್ರೇ, ಹದಿನೆಂಟು ತುಂಬದವರು ಮೈನರ್ ಅಲ್ಲವಾ? ಹಾಗಾದರೆ ನಮ್ಮ ಅಜ್ಜ ಮೈನಾರಿಟಿ ಆಗುವುದು ಹೇಗೆ?” ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದಲ್ಲ. ಅದು ಶಬ್ದದ ಬೇರನ್ನೇ ಮುಟ್ಟಿತ್ತು.

ಲ್ಯಾಟಿನ್ ಭಾಷೆಯ ‘ಮಿನೋರ್’ ಎಂಬುದು ಆ ಬೇರು. ‘ಇನ್ನೊಂದಕ್ಕಿಂತ ಕಿರಿದು’ ಎಂದು ಅದರ ಅರ್ಥ. ಗಣಿತದ ‘ಮೈನಸ್’ ಅದರ ಒಡಹುಟ್ಟು. ‘ಮಿನಿಸ್ಟರ್’ ಕೂಡ ಅದೇ ಮನೆತನದ್ದು; ಮೂಲಾರ್ಥ ಸೇವಕ. ‘ಹೆಚ್ಚು’ ಎಂಬರ್ಥದ ‘ಮಾಗಿಸ್’ನಿಂದ ‘ಮಾಗಿಸ್ತೆರ್’, ಅದರಿಂದ ‘ಮಾಸ್ಟರ್’ ಹುಟ್ಟಿತು. ನಿಘಂಟಿನಲ್ಲಾದರೂ ಮಂತ್ರಿಗಿಂತ ಮಾಷ್ಟ್ರು ದೊಡ್ಡವನೆಂಬುದು ನಮಗೊಂದು ಸಮಾಧಾನ!

16ನೆಯ ಶತಮಾನದ ಇಂಗ್ಲಿಷಿನಲ್ಲಿ ಮೈನಾರಿಟಿ ಎಂದರೆ ಪ್ರಾಯಕ್ಕೆ ಬಾರದ ಸ್ಥಿತಿ. 18ನೆಯ ಶತಮಾನದಲ್ಲಿ ಅದು ಮತದಾನದಲ್ಲಿ ಕಡಿಮೆಬಿದ್ದ ಪಕ್ಷಕ್ಕೂ ಸಂದಿತು. ಮೊದಲನೆಯ ಮಹಾಯುದ್ಧದ ಬಳಿಕ ಯುರೋಪಿನ ಗಡಿಗಳು ಸರಿದಾಗ, 1919ರ ಒಪ್ಪಂದಗಳಲ್ಲಿ ಅದು ಭಾಷೆ, ಮತ, ಜನಾಂಗಗಳಿಂದ ಬೇರೆಯಾದವರ ರಕ್ಷಣೆಯ ಮಾತಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ, ನಮ್ಮ ಹಿರಿಯರು ಕುಳಿತಲ್ಲಿಂದ ಕದಲದೆಯೇ ಕೇರಳದ ಮೈನಾರಿಟಿಗಳಾದರು.

ಕನ್ನಡದಲ್ಲಿ ನಾವು ಇದನ್ನು ‘ಅಲ್ಪಸಂಖ್ಯಾತ’ ಎಂದೆವು. ತೊಡಕು ಇಲ್ಲಿಯೇ. ‘ಅವನೊಬ್ಬ ಅಲ್ಪ’ ಎಂದರೆ ನಮ್ಮಲ್ಲಿ ಅದು ಬೈಗುಳ. ಲ್ಯಾಟಿನ್ ಮೂಲದಲ್ಲಿ ಅಂತಹ ಹೀನಾರ್ಥವಿಲ್ಲ, ತರತಮವಷ್ಟೇ ಇದೆ: ಯಾರಿಗಿಂತ, ಎಲ್ಲಿ, ಎಂಬುದನ್ನು ಹೇಳದೆ ಆ ಮಾತು ಪೂರ್ಣವಾಗದು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಎಣಿಕೆಗೆ ರಾಜ್ಯವೇ ಅಳತೆಯೆಂದಿತು. ಹಾಗಾಗಿ ಮಂಜೇಶ್ವರದ ಕನ್ನಡಿಗ ಕೇರಳದಲ್ಲಿ ಮೈನಾರಿಟಿ. ತಲಪಾಡಿ ದಾಟಿ ಮಂಗಳೂರಿನಲ್ಲಿ ನೆಲೆಸಿದ ಮಲಯಾಳಿ ಅಲ್ಲಿ ಮೈನಾರಿಟಿ. ಬದಲಾಗುವುದು ಲೆಕ್ಕ, ಮನುಷ್ಯನ ಬೆಲೆಯಲ್ಲ.

ಈ ಲೆಕ್ಕದೊಡನೆ ಹಕ್ಕೂ ಇದೆ. ಸಂವಿಧಾನದ 30ನೆಯ ವಿಧಿ ನಮ್ಮ ಇಚ್ಛೆಯ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಅಧಿಕಾರವನ್ನಿತ್ತಿದೆ. 1956ರಲ್ಲಿ ಸೇರಿಸಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯುವ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ವಿಧಿಸಿದೆ.

ಆದರೆ ‘ಅಲ್ಪ’ವೆಂಬ ಸಂಕೋಚದಿಂದ ನಾವೇ ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸಿದರೆ ಯಾವ ವಿಧಿ ಏನು ಮಾಡೀತು? ಹಕ್ಕನ್ನು ಸಂವಿಧಾನ ಕೊಟ್ಟಿದೆ. ಮಗುವನ್ನು ಬೆಂಚಿನ ಮೇಲೆ ಕುಳ್ಳಿರಿಸಬೇಕಾದವರು ಹೆತ್ತವರು. ಮುಂದಿನ ಬಾರಿ ಅರ್ಜಿಯಲ್ಲಿ ಆ ಮಾತನ್ನು ತುಂಬುವಾಗ ಮಕ್ಕಳಿಗೆ ಅದರ ಅರ್ಥವನ್ನೂ ತಿಳಿಸಿಕೊಡೋಣ. ಸಂಖ್ಯೆಯಲ್ಲಿ ಕಿರಿದಾಗಿರುವುದು ನಾಚಿಕೆಯ ವಿಷಯವಲ್ಲ.