ಬಣ್ಣದ ಉಗ್ರಾಣ

ನೇರಳೆಹಣ್ಣು ತಿಂದ ಬಾಲಕನ ನಾಲಗೆ ಗುಟ್ಟನ್ನು ಮುಚ್ಚಿಡಲಾರದು. ಹಣ್ಣು ಹಲ್ಲಿಗೆ ಸಿಕ್ಕೊಡನೆ ಅದರ ಜೀವಕೋಶಗಳು ಒಡೆದು, ಒಳಗೆ ಕೂಡಿಟ್ಟಿದ್ದ ಬಣ್ಣ ಹೊರಚೆಲ್ಲುತ್ತದೆ. ಆ ಬಣ್ಣವನ್ನು ಸಸ್ಯವು ಎಲ್ಲಿ ಕೂಡಿಡುತ್ತದೆ, ಅಲ್ಲಿಗೆ ಹೇಗೆ ಒಯ್ಯುತ್ತದೆ ಎಂಬುದು ವಿಚಾರಯೋಗ್ಯವಾದ ಸಂಗತಿ.

ನೇರಳೆ, ಬದನೆಯ ಸಿಪ್ಪೆ, ಕೆಂಪು ದಾಸವಾಳ ಇವುಗಳಿಗೆ ಮೆರುಗನ್ನೀಯುವ ವರ್ಣದ್ರವ್ಯಗಳಿಗೆ ಆಂಥೋಸಯನಿನ್‌ಗಳೆಂದು ಹೆಸರು. ಇವು ಸಿದ್ಧವಾಗುವುದು ಕೋಶದ್ರವ್ಯದಲ್ಲಿ; ನೆಲೆಸುವುದು ಕೋಶದ ಬಹುಭಾಗವನ್ನು ತುಂಬಿರುವ ರಸದಾನಿಯಲ್ಲಿ. ಒಲೆ ಒಂದೆಡೆ, ಉಗ್ರಾಣ ಇನ್ನೊಂದೆಡೆ. ನಡುವೆ ಒಂದು ಪೊರೆ. ಆ ಪೊರೆಯಲ್ಲಿರುವ ಪ್ರೋಟೀನುಗಳು ಶಕ್ತಿಯನ್ನು ವ್ಯಯಿಸಿ ಬಣ್ಣವನ್ನು ಒಳಸೇರಿಸುತ್ತವೆ. ಸಣ್ಣ ಪೊರೆಚೀಲಗಳಲ್ಲಿ ತುಂಬಿ ಸಾಗಿಸುವ ಕ್ರಮವೂ ಉಂಟು.

ಈ ಸಾಗಣೆ ತಪ್ಪಿದರೆ ಆಗುವ ನಷ್ಟಕ್ಕೆ ಮೆಕ್ಕೆಜೋಳವೇ ಸಾಕ್ಷಿ. ‘ಬ್ರಾಂಜ್–2’ ಎಂಬ ಜೀನು ಕೆಟ್ಟ ಕಾಳುಗಳು ಕಡುನೇರಳೆಯಾಗುವ ಬದಲು ಕಂಚಿನ ಬಣ್ಣ ತಳೆಯುತ್ತವೆ. 1995ರಲ್ಲಿ ಅಮೆರಿಕದ ವರ್ಜೀನಿಯಾ ವಾಲ್ಬಟ್ ಮತ್ತು ಅವರ ಸಂಗಡಿಗರು ಇದರ ಕಾರಣವನ್ನು ವಿವರಿಸಿದರು. ಆ ಜೀನಿನಿಂದ ಗ್ಲುಟಾಥಯೋನ್ ಎಸ್–ಟ್ರಾನ್ಸ್‌ಫರೇಸ್ ಎಂಬ ಪ್ರೋಟೀನು ಉಂಟಾಗುತ್ತದೆ. ಅದಿಲ್ಲದೆ ಹೋದರೆ, ಸಿದ್ಧವಾದ ಬಣ್ಣವು ರಸದಾನಿಯನ್ನು ಸೇರದೆ ಕೋಶದ್ರವ್ಯದಲ್ಲಿಯೇ ಉಳಿದು, ಉತ್ಕರ್ಷಣಗೊಂಡು ಕಂದುತ್ತದೆ.

ಸೇರಿದ ಮೇಲೆ ಉಗ್ರಾಣದ ಗುಣವೂ ಮುಖ್ಯವೇ. ‘ಹೆವನ್ಲಿ ಬ್ಲೂ’ ಎಂಬ ಹೂಬಳ್ಳಿಯ ಮೊಗ್ಗು ಕೆನ್ನೇರಳೆ. ಅರಳಿದ ಹೂವು ಬಾನಿನ ನೀಲಿ. ಜಪಾನಿನ ಕುಮಿ ಯೋಶಿದಾ ಮತ್ತು ಅವರ ಸಹೋದ್ಯೋಗಿಗಳು ಅದೇ 1995ರಲ್ಲಿ ಪ್ರಕಟಿಸಿದ ಅಳತೆಯಂತೆ, ದಳದ ಬಣ್ಣದ ಕೋಶಗಳಲ್ಲಿ ರಸದಾನಿಯ ಪಿಎಚ್ ಮೊಗ್ಗಿನಲ್ಲಿ 6.6 ಇದ್ದುದು ಅರಳಿದಾಗ 7.7ಕ್ಕೆ ಏರುತ್ತದೆ. ವರ್ಣದ್ರವ್ಯ ಅದೇ, ಅದಿರುವ ರಸದ ಆಮ್ಲೀಯತೆ ಕುಗ್ಗಿದೊಡನೆ ನೀಲಿ ಹೊಮ್ಮುತ್ತದೆ.

ಈ ಉಗ್ರಾಣವನ್ನು ಕಣ್ಣಾರೆ ಕಾಣಲು ಹೆಚ್ಚಿನ ಸಲಕರಣೆ ಬೇಡ. ಕೆಂಪು ಈರುಳ್ಳಿಯ ತೆಳುಪೊರೆಯೊಂದನ್ನು ಸುಲಿದು ಶಾಲೆಯ ಸೂಕ್ಷ್ಮದರ್ಶಕದ ಕೆಳಗಿರಿಸಿದರೆ ಸಾಕು, ಕೋಶಕೋಶದಲ್ಲೂ ಗುಲಾಬಿ ರಸ ತುಂಬಿರುವುದು ಕಾಣುತ್ತದೆ. ಒಂದು ಹನಿ ಗಟ್ಟಿ ಉಪ್ಪುನೀರು ತಾಗಿಸಿದರೆ, ಕೋಶದ ಗೋಡೆ ನಿಂತಲ್ಲೇ ನಿಂತಿರಲು, ಒಳಗಿನ ಬಣ್ಣದ ಚೀಲ ಮಾತ್ರ ಮೆಲ್ಲನೆ ಕುಗ್ಗುತ್ತದೆ. ಆ ನೋಟವನ್ನು ಕಂಡ ವಿದ್ಯಾರ್ಥಿಗೆ ರಸದಾನಿ ಎಂಬುದು ಬಾಯಿಪಾಠದ ಶಬ್ದವಾಗಿ ಉಳಿಯದು.

ಬಣ್ಣ ಸಿದ್ಧವಾದ ಮಾತ್ರಕ್ಕೆ ಹೂವು ಹೊಳೆಯುವುದಿಲ್ಲ. ಅದು ತಕ್ಕ ನೆಲೆಯನ್ನು ಮುಟ್ಟಬೇಕು. ತಿಳಿವನ್ನು ಎಳೆಯ ಮನಸ್ಸುಗಳಿಗೆ ಮುಟ್ಟಿಸುವ ಹೊಣೆ ಹೊತ್ತವರು, ಅದಕ್ಕೆ ನೆರವಾಗಿ ನಿಂತವರು, ಕಂಚಾಗಿ ಹೋದ ಆ ಮೆಕ್ಕೆಜೋಳದ ಕಾಳನ್ನು ಒಮ್ಮೆ ನೆನೆಯಬಹುದು.