ಅಪ್ಪನ ಸಿಡಿ, ನನ್ನ ಎಂಪಿಥ್ರೀ

ಅಪ್ಪ-ಅಮ್ಮ ಮೈಸೂರಿನ ಮನೆ ಖಾಲಿ ಮಾಡಿ ಬೆಂಗಳೂರಿಗೆ ನಮ್ಮ ಜೊತೆ ಇರಲು ಬಂದಾಗ, ಅಪ್ಪನ ಇನ್ನೂರು ಚಿಲ್ಲರೆ ಸಿಡಿಗಳೂ ಮೂರು ರಟ್ಟಿನ ಡಬ್ಬದಲ್ಲಿ ಬಂದವು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಜಾಗ ಎಲ್ಲಿ? "ಎಲ್ಲಾ ಫೋನಲ್ಲೇ ಸಿಗುತ್ತಲ್ಲ ಮಾವ" ಅಂದಳು ನನ್ನ ಹೆಂಡತಿ. "ಸಿಗುತ್ತೆ ಕಣಮ್ಮ, ಆದ್ರೆ ಅದು ಇದಲ್ಲ" ಅಂದರು ಅಪ್ಪ.

ಇಂಥ ವಾದವನ್ನು ಲೆಕ್ಕ ಹಾಕದೆ ಬಿಟ್ಟರೆ ನಾನೆಂಥ ಇಂಜಿನಿಯರ್! ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಕಾಲೇಜಿನಲ್ಲಿ ನಾವು ಪೆನ್‌ಡ್ರೈವಲ್ಲಿ ಹಂಚಿಕೊಳ್ಳುತ್ತಿದ್ದ ಎಂಪಿಥ್ರೀ ಹಾಡುಗಳು ಬರೀ 128. ಹನ್ನೊಂದರಲ್ಲಿ ಒಂದು ಪಾಲು! ಉಳಿದದ್ದು ಎಲ್ಲಿ ಹೋಯ್ತು? ಒಗ್ಗರಣೆ ಚಟಪಟ ಅನ್ನುವಾಗ ಗೋಡೆ ಗಡಿಯಾರದ ಟಿಕ್ ಟಿಕ್ ನಮಗೆ ಕೇಳಿಸೋದಿಲ್ಲ, ಅಲ್ವಾ? ಜೋರು ಸದ್ದಿನಲ್ಲಿ ಹೀಗೆ ಮುಚ್ಚಿಹೋಗುವುದನ್ನು ಹುಡುಕಿ ಹುಡುಕಿ ಬಿಡೋದೇ ಎಂಪಿಥ್ರೀಯ ಜಾಣತನ.

ಒಂದು ಭಾನುವಾರ ಅಪ್ಪನ ವೀಣೆ ಸಿಡಿಯೊಂದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಅದರಿಂದಲೇ 128 ಮತ್ತು 320ರ ಎರಡು ಎಂಪಿಥ್ರೀ ಮಾಡಿದೆ. ಎಲ್ಲದರ ವಾಲ್ಯೂಮ್ ಒಂದೇ ಮಟ್ಟಕ್ಕಿಟ್ಟೆ. ಚೂರು ಜೋರಾಗಿದ್ದರೂ ಸಾಕು, ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಬ್ಲೂಟೂತ್ ಮತ್ತೊಮ್ಮೆ ಕುಗ್ಗಿಸುತ್ತೆ ಅಂತ ವೈರ್ ಇರೋ ಹೆಡ್‌ಫೋನೇ ಕೊಟ್ಟೆ. ಯಾವಾಗ ಯಾವುದು ಅನ್ನೋದನ್ನ ಕಂಪ್ಯೂಟರೇ ಆರಿಸ್ತು, ನನಗೂ ಗೊತ್ತಿರಲಿಲ್ಲ.

128ನ್ನು ಅಪ್ಪ ಹತ್ತರಲ್ಲಿ ಒಂಬತ್ತು ಸಲ ಹಿಡಿದರು! ಅರವತ್ತಾರರ ಕಿವಿಗೆ ತೀರಾ ಮೇಲಿನ ಸ್ವರಗಳು ಅಷ್ಟಾಗಿ ಕೇಳೋದಿಲ್ಲ, ಮತ್ತೆ ಹೇಗೆ? "ಮೀಟು ನೋಡು, ಮಂಕಾಗಿದೆ. ಘಟದ ಪೆಟ್ಟೂ ಅಷ್ಟೇ" ಅಂದರು. ವಿಷಯ ಅದೇ. ಎಂಪಿಥ್ರೀ ಧ್ವನಿಯನ್ನು ತುಂಡು ತುಂಡಾಗಿ ತೆಗೆದುಕೊಂಡು ಕುಗ್ಗಿಸುತ್ತೆ. ಥಟ್ಟನೆ ಬೀಳುವ ಪೆಟ್ಟು ಒಂದು ತುಂಡಿನ ನಡುವೆ ಬಂದರೆ, ಅದರ ಕಲೆ ಪೆಟ್ಟಿಗೂ ಮುಂಚೆಯೇ ತುಸು ಹರಡಿಕೊಳ್ಳುತ್ತೆ. ಅಂಚು ಮೊಂಡಾಗುತ್ತೆ. ಹತ್ತಾರು ವಾದ್ಯಗಳ ಸಿನಿಮಾ ಹಾಡಾಗಿದ್ದರೆ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲವೇನೋ.

320ರಲ್ಲಿ ಮಾತ್ರ ಹತ್ತಕ್ಕೆ ಐದು. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತೆ. ನನ್ನದೂ ಅಷ್ಟೇ. ಅಪ್ಪನ ಮುಖ ಚಿಕ್ಕದಾಯ್ತು. ಹೆಂಡತಿ ಆಗಲೇ ಡಬ್ಬ ಎತ್ತೋಕೆ ಹೊರಟಳು!

ಆದರೆ ಕೂತು ಹುಡುಕಿದರೆ, ಡಬ್ಬದಲ್ಲಿದ್ದ ನಲವತ್ತರಷ್ಟು ಸಿಡಿಗಳು ಯಾವ ಆಪ್‌ನಲ್ಲೂ ಇಲ್ಲ. ಹಾಗಾಗಿ ದಿನಕ್ಕೆ ಐದಾರರಂತೆ ಎಲ್ಲವನ್ನೂ ಫ್ಲ್ಯಾಕ್‌ಗೆ ಇಳಿಸ್ತಿದ್ದೀನಿ. ಅದು ಜಿಪ್ ಫೈಲ್ ಇದ್ದ ಹಾಗೆ, ಗಾತ್ರ ಹೆಚ್ಚುಕಮ್ಮಿ ಅರ್ಧವಾದರೂ ಒಂದು ಬಿಟ್ಟೂ ಕಳೆದುಹೋಗಲ್ಲ.

ಕೊನೇ ಡಬ್ಬದ ತಳದಲ್ಲಿ ಅಪ್ಪನ ಕೈಬರಹದ ಒಂದು ಸಿಡಿ ಸಿಕ್ಕಿತು. ಸಂಗೀತ ಶಾಲೆಯ ವಾರ್ಷಿಕೋತ್ಸವದಲ್ಲಿ ಅಮ್ಮ ಹಾಡಿದ್ದು. ಅಮ್ಮ ಈಗ ಹಾಡೋದಿಲ್ಲ. ಮನೆಯಲ್ಲಿ ಬರ್ನ್ ಮಾಡಿದ ಸಿಡಿಯ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತೆ. ಮೂರನೇ ಹಾಡಿನ ಹತ್ತಿರ ಡ್ರೈವ್ ತಡಕಾಡ್ತಾ ಇದೆ. ವೇಗ ತಗ್ಗಿಸಿ ಮತ್ತೆ ಮತ್ತೆ ಓದಿಸ್ತಿದ್ದೀನಿ. ನಿಮ್ಮನೇಲೂ ಇಂಥದ್ದಿದ್ದರೆ, ಮೊದಲು ಅದನ್ನೇ ಇಳಿಸಿಕೊಳ್ಳಿ.